ಗುರುವಿನ ಮುಂದಾಳ್ತನ: ಇಬ್ಬರು ಸೋದರಳಿಯರ ಕಥೆ

೧

ಅಷ್ಟಾವರಣಗಳಲ್ಲಿ ಮೊದಲು ಎಣಿಕೆಗೆ ಬರುವುದು ಗುರು. ಲಿಂಗವನ್ನು ಕರಸ್ಥಲಕ್ಕೆ ತಂದುಕೊಡುವವನೂ ಗುರುವೇ, ಜಂಗಮದ ಘನತೆಯನ್ನು ತಿಳಿಯಹೇಳುವವನೂ ಗುರುವೇ. ಇಂಥ ಪರಂಪರೆಯಲ್ಲಿ ಬೆಳೆದ ನಮಗೆ ಊರ ಶಾಲೆಯ ಉಪಾಧ್ಯಾಯನನ್ನೂ ಅದೇ ಹೆಸರಿನಿಂದ ಕರೆಯುವುದು ಸಹಜವಾಗಿ ಬಂದಿದೆ. ಆ ಹೆಸರಿನ ಜೊತೆಯಲ್ಲಿ ಅದರ ಗೌರವವೂ ಉಪಾಧ್ಯಾಯನಿಗೆ ಬಂದಿತು. ಗೌರವದ ಜೊತೆಯಲ್ಲಿ, ಪ್ರಶ್ನಿಸಲಾಗದ ಅಧಿಕಾರವೂ ಬಂದುಬಿಟ್ಟಿತು. ಮೊದಲನೆಯದು ಅವನಿಗೆ ಸಲ್ಲತಕ್ಕದ್ದು. ಎರಡನೆಯದು ಸಲ್ಲತಕ್ಕದ್ದೆ ಎಂಬುದನ್ನು ನಮ್ಮ ಸಾಹಿತ್ಯದ ಆಧಾರದಿಂದಲೇ ವಿಚಾರಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಈಚಿನ ವರ್ಷಗಳಲ್ಲಿ ಶಿಕ್ಷಕರ ತರಬೇತಿ ಶಿಬಿರಗಳಲ್ಲಿಯೂ ವಿದ್ಯಾಸಂಸ್ಥೆಗಳ ಸಮಾರಂಭಗಳಲ್ಲಿಯೂ ‘ಶಿಕ್ಷಕರ ನಾಯಕತ್ವ’ ಎಂಬ ಮಾತು ಮೇಲಿಂದ ಮೇಲೆ ಕೇಳಿಬರುತ್ತಿದೆ. ಶಾಲೆ ಸುಧಾರಿಸಬೇಕಾದರೆ ಶಿಕ್ಷಕನು ಮುಂದಾಳಾಗಬೇಕು ಎನ್ನುತ್ತಾರೆ. ಮಾತು ಸರಿಯಾದುದೇ. ಆದರೆ ಎಂಥ ಮುಂದಾಳು? ತಾನೊಬ್ಬನೇ ಬಲ್ಲವನೆಂದು ಉಳಿದವರನ್ನು ನಡೆಸುವವನೋ, ಉಳಿದವರ ಮುಂದೆ ತನ್ನ ನಡೆಗೆ ತಾನು ಉತ್ತರ ಹೇಳುವವನೋ? ಈ ಎರಡು ಬಗೆಯ ಗುರುಗಳನ್ನೂ ನಮ್ಮ ಕನ್ನಡ ಶೈವ ಸಾಹಿತ್ಯವು ಬಹು ಸ್ಪಷ್ಟವಾಗಿ ಚಿತ್ರಿಸಿಟ್ಟಿದೆ. ವಿಶೇಷವೆಂದರೆ, ಎರಡು ಚಿತ್ರಗಳಲ್ಲಿಯೂ ಇರುವವರು ಸೋದರಮಾವ ಮತ್ತು ಸೋದರಳಿಯ. ಎರಡಕ್ಕೂ ಹಂಪೆಯ ನಂಟು ಇದೆ.

೨

ಹಂಪೆಯನ್ನು ನೋಡಿದವರಿಗೆಲ್ಲ ಅಲ್ಲಿಯ ಬಜಾರಿನ ಬೀದಿ ಪರಿಚಿತ. ವಿರೂಪಾಕ್ಷನ ದೊಡ್ಡ ಗೋಪುರದ ಮುಂದಿನಿಂದ ಹೊರಟು, ಎರಡೂ ಮಗ್ಗುಲಲ್ಲಿ ಕಲ್ಲುಮಂಟಪಗಳ ಸಾಲನ್ನು ಇಟ್ಟುಕೊಂಡು, ಪೂರ್ವಕ್ಕೆ ಮತಂಗ ಪರ್ವತದ ತಪ್ಪಲಿನಲ್ಲಿ ಕುಳಿತ ಎದುರು ಬಸವಣ್ಣನವರೆಗೆ ಅದು ನೇರವಾಗಿ ಸಾಗುತ್ತದೆ. ೧೯೮೬ರಲ್ಲಿ ಹಂಪೆಯ ಸ್ಮಾರಕಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಆ ಬಳಿಕವೂ ಬಹುಕಾಲ ಮಂಟಪಗಳಲ್ಲಿ ಸಂಸಾರಗಳಿದ್ದುವು, ಅಂಗಡಿಗಳಿದ್ದುವು. ೨೦೧೧ರಲ್ಲಿ ಅವುಗಳನ್ನು ತೆರವು ಮಾಡಲಾಯಿತು. ನಾನು ಹೇಳಹೊರಟಿರುವುದು ಅದಕ್ಕೂ ಹಿಂದಿನ, ಬಜಾರು ಜನರಿಂದ ತುಂಬಿದ್ದ ಕಾಲದ ಮಾತು.

ಸೇವೆಯಲ್ಲಿದ್ದಾಗ ವರ್ಷಕ್ಕೊಮ್ಮೆ ಪ್ರೌಢಶಾಲೆಯ ಮಕ್ಕಳನ್ನು ಕರೆದುಕೊಂಡು ಹಂಪೆಗೆ ಹೋಗುವುದು ನನ್ನ ಪಾಲಿಗೆ ಬಂದಿತ್ತು. ಮಧ್ಯಾಹ್ನ ಬುತ್ತಿ ಬಿಚ್ಚುವ ಮುನ್ನ ಒಂದು ಮಂಟಪದ ನೆರಳಿನಲ್ಲಿ ಕುಳ್ಳಿರಿಸಿ ಹರಿಹರ ರಾಘವಾಂಕರ ಕಥೆಯನ್ನು ಹೇಳುತ್ತಿದ್ದೆನು. ರಾಘವಾಂಕನು ಹರಿಶ್ಚಂದ್ರ ಕಾವ್ಯವನ್ನು ಬರೆದು, ಅರಸನ ಆಸ್ಥಾನದಲ್ಲಿ ಓದಿ, ಮನ್ನಣೆ ಪಡೆದು ಸಂಭ್ರಮದಿಂದ ಗುರುವಿನ ಬಳಿಗೆ ಬಂದನು; ಶಿವನನ್ನೂ ಶಿವಶರಣರನ್ನೂ ಬಿಟ್ಟು ನರನೊಬ್ಬನನ್ನು ಹೊಗಳಿದ ತಪ್ಪಿಗಾಗಿ ಹರಿಹರನು ಕಾಲಿನ ಹಾವುಗೆಯಿಂದ ಶಿಷ್ಯನಿಗೆ ಹೊಡೆದನು; ಐದು ಹಲ್ಲುಗಳು ಉದುರಿದುವು; ಶಿಷ್ಯನು ಪಶ್ಚಾತ್ತಾಪದಿಂದ ಶಿವಪರವಾದ ಐದು ಕೃತಿಗಳನ್ನು ರಚಿಸಲು ಒಂದೊಂದಾಗಿ ಹಲ್ಲುಗಳು ಮರಳಿ ಬಂದುವು. ಇದು ಸಿದ್ಧನಂಜೇಶನ ರಾಘವಾಂಕ ಚರಿತೆಯ ಮೂಲಕ ಪ್ರಸಿದ್ಧವಾದ ಕಥೆ. ಇದನ್ನು ಹೇಳಿ, ಗುರುವಿನ ಏಟೂ ಪ್ರಸಾದವೇ ಎಂದು ಮುಗಿಸುತ್ತಿದ್ದೆನು. ಮಡಿಲಲ್ಲಿ ಬೆತ್ತವಿರುತ್ತಿತ್ತು ಎಂಬುದನ್ನೂ ಮುಚ್ಚಿಡಬಾರದು.

ಒಂದು ವರ್ಷ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, “ಗುರುಗಳೆ, ಆ ಕಾವ್ಯ ಕೆಟ್ಟದ್ದೇ ಆಗಿದ್ದರೆ ನಮಗೆ ಪಾಠಕ್ಕೆ ಯಾಕೆ ಇಟ್ಟಿದ್ದಾರೆ?” ಎಂದು ಕೇಳಿದಳು. ಅವಳು ಉದ್ಧಟತನದಿಂದ ಕೇಳಿದ್ದಲ್ಲ. ಗುರುವಿನ ಏಟು ತಿಂದ ಕಾವ್ಯದ ಭಾಗವನ್ನೇ ಆ ವರ್ಷ ಪಠ್ಯದಲ್ಲಿ ಬಾಯಿಪಾಠ ಮಾಡಿದ್ದಳು. ನಾನು ಗದರಿಸಿ ಕುಳ್ಳಿರಿಸಿದೆನು. ಉತ್ತರ ತಿಳಿಯದ ಉಪಾಧ್ಯಾಯನು ಮಾಡುವ ಕೆಲಸ ಅದು. ಅವಳ ಪ್ರಶ್ನೆ ಮಾತ್ರ ಇಷ್ಟು ವರ್ಷ ನನ್ನ ಬೆನ್ನು ಬಿಡಲಿಲ್ಲ. ಈ ಲೇಖನವು ತಡವಾಗಿ ಕೊಡುತ್ತಿರುವ ಉತ್ತರ ಎಂದು ವಾಚಕರು ಭಾವಿಸಬಹುದು.

೩

ಮೊದಲು ಆ ಕಥೆಗೆ ಸಲ್ಲಬೇಕಾದ ನ್ಯಾಯವನ್ನು ಸಲ್ಲಿಸೋಣ. ಅದು ಕೇವಲ ಸಿಟ್ಟಿನ ಕಥೆಯಲ್ಲ. ಹರಿಹರನು ಹೊಯ್ಸಳರ ಆಸ್ಥಾನದಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದು, ಅದನ್ನು ಬಿಟ್ಟು ಹಂಪೆಗೆ ಬಂದು ವಿರೂಪಾಕ್ಷನ ಸನ್ನಿಧಿಯಲ್ಲಿ ನೆಲೆಸಿದವನೆಂದು ಪರಂಪರೆ ಹೇಳುತ್ತದೆ. ಅರಸನ ಅನ್ನವನ್ನು ತೊರೆದವನಿಗೆ ಅರಸನ ಸಭೆಯ ಮನ್ನಣೆಯು ಶಿಷ್ಯನ ತಲೆಗೇರುವುದನ್ನು ಕಂಡು ಭಯವಾದದ್ದು ಸಹಜ. ವಿದ್ಯೆಯನ್ನು ಅಧಿಕಾರದ ಅಡಿಯಾಳಾಗಿ ಮಾಡಬಾರದು ಎಂಬ ನಿಷ್ಠುರತೆ ಅಲ್ಲಿದೆ. ಈ ನಿಷ್ಠುರತೆಯನ್ನು ಇಂದಿನ ಉಪಾಧ್ಯಾಯನೂ ಕಲಿಯಬೇಕು. ಶಾಲೆಯ ವೇದಿಕೆಯಲ್ಲಿ ಬಂದ ಬಂದ ಗಣ್ಯರನ್ನೆಲ್ಲ ಹೊಗಳಿ ಹಾರ ಹಾಕುವುದೇ ಕೆಲಸವಾದಾಗ ಹರಿಹರನ ಹಾವುಗೆಯ ಸದ್ದು ನಮ್ಮ ಕಿವಿಗೆ ಬೀಳಬೇಕಾದುದೇ.

ಆದರೆ ಕಥೆಯ ಉದ್ದೇಶ ಒಳ್ಳೆಯದಾದ ಮಾತ್ರಕ್ಕೆ ಅದು ತೋರುವ ಮಾರ್ಗವೂ ಒಳ್ಳೆಯದಾಗಬೇಕೆಂದಿಲ್ಲ. ಇಲ್ಲಿ ಮೂರು ಸಂಗತಿಗಳನ್ನು ಗಮನಿಸಬೇಕು.

ಒಂದನೆಯದು ಕಾಲದ ಸಂಗತಿ. ಹರಿಹರ ರಾಘವಾಂಕರ ಕಾಲವನ್ನು ವಿದ್ವಾಂಸರು ಕ್ರಿ.ಶ. ೧೨೦೦ರ ಆಸುಪಾಸಿನಲ್ಲಿ ಇಡುತ್ತಾರೆ. ಸಿದ್ಧನಂಜೇಶನು ಹದಿನೇಳನೆಯ ಶತಮಾನದವನು. ನಡುವೆ ನಾಲ್ಕು ಶತಮಾನಗಳಿಗೂ ಹೆಚ್ಚಿನ ಅಂತರ. ರಾಘವಾಂಕನ ಸ್ವಂತ ಮಾತಿಗೆ ಬಂದರೆ, ಅವನು ತನ್ನನ್ನು ಹಂಪೆಯ ಹರೀಶ್ವರನ ವರಪುತ್ರನೆಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಾನೆ. ಆ ಮಾತಿನಲ್ಲಿ ಕಾಣುವುದು ಪ್ರೀತಿ, ಗೌರವ, ಆತ್ಮವಿಶ್ವಾಸ. ಹೆದರಿದ ಶಿಷ್ಯನ ದನಿ ಅದಲ್ಲ. ‘ಉಭಯಕವಿ ಕಮಲರವಿ’ ಎಂಬ ಬಿರುದನ್ನು ಧರಿಸಿದವನು ಗುರುವಿನ ಮುಂದೆ ತಲೆಬಾಗಿದ್ದರೂ ಬೆನ್ನು ಬಾಗಿದವನಲ್ಲ.

ಎರಡನೆಯದು ಛಂದಸ್ಸಿನ ಸಂಗತಿ. ನನ್ನ ದೃಷ್ಟಿಯಲ್ಲಿ ಇದು ಬಹು ಮುಖ್ಯವಾದುದು. ಹರಿಹರನು ಗಿರಿಜಾಕಲ್ಯಾಣವನ್ನು ಚಂಪುವಿನಲ್ಲಿ ಬರೆದವನಾದರೂ ಅಲ್ಲಿಗೇ ನಿಲ್ಲಲಿಲ್ಲ. ಶಿವಶರಣರ ಚರಿತೆಗಳಿಗಾಗಿ ರಗಳೆಯನ್ನು ಹಿಡಿದು, ಅದನ್ನು ಕಾವ್ಯವಾಹಿನಿಯಾಗಿ ಹರಿಸಿದನು. ಹಳೆಯ ದಾರಿಯನ್ನು ಬಲ್ಲವನೊಬ್ಬನು ಹೊಸ ದಾರಿಯನ್ನು ತುಳಿದು ತೋರಿಸಿದನು. ಅವನ ಶಿಷ್ಯನು ಮಾಡಿದುದೇನು? ಗುರುವಿನ ರಗಳೆಯನ್ನೇ ಹಿಡಿದು ನಡೆದನೆ? ಇಲ್ಲ. ವಾರ್ಧಕ ಷಟ್ಪದಿಯನ್ನು ಹಿಡಿದನು; ಮುಂದಿನ ಶತಮಾನಗಳ ಕನ್ನಡ ಕವಿಗಳಿಗೆ ಷಟ್ಪದಿಯ ಹೆಬ್ಬಾಗಿಲನ್ನು ತೆರೆದನು. ಗುರುವಿನಿಂದ ಅವನು ಕಲಿತದ್ದು ರಗಳೆಯ ಮಾತ್ರೆಗಳ ಎಣಿಕೆಯನ್ನಲ್ಲ, ಹೊಸದನ್ನು ಹಿಡಿಯುವ ಧೈರ್ಯವನ್ನು. ಶಿಷ್ಯನು ಗುರುವಿನ ಪ್ರತಿಯಾಗದೆ ತಾನೇ ಒಬ್ಬ ಗುರುವಾದುದು ಹರಿಹರನ ಮುಂದಾಳ್ತನಕ್ಕೆ ನಿಜವಾದ ಸಾಕ್ಷಿ. ಹಾವುಗೆಯ ಕಥೆಯು ಈ ಸಾಕ್ಷಿಯನ್ನು ಮರೆಮಾಡಿಬಿಟ್ಟಿದೆ.

ಮೂರನೆಯದು, ಏಟು ತಿಂದಿತೆನ್ನಲಾದ ಕಾವ್ಯದ ಸಂಗತಿ. ಹರಿಶ್ಚಂದ್ರ ಕಾವ್ಯವು ಸತ್ಯವನ್ನೂ ಶಿವನನ್ನೂ ಬೇರೆಯೆಂದು ಬಗೆಯದ ಕಾವ್ಯ. ಅದರ ಪರಮಾವಧಿಯಲ್ಲಿ ಕಾಶಿಯ ವಿಶ್ವನಾಥನೇ ಪ್ರತ್ಯಕ್ಷನಾಗುತ್ತಾನೆ. ಅದನ್ನು ನರಸ್ತುತಿಯೆಂದು ತಳ್ಳಿಹಾಕಲು ಸಾಧ್ಯವಿಲ್ಲ. ಕನ್ನಡ ಜನರು ತಳ್ಳಿಹಾಕಲೂ ಇಲ್ಲ. ಹಲ್ಲು ಮರಳಿ ತಂದವೆನ್ನಲಾದ ಐದು ಕೃತಿಗಳಲ್ಲಿ ಶರಭಚಾರಿತ್ರ ಮತ್ತು ಹರಿಹರಮಹತ್ವಗಳು ನಮಗೆ ದೊರೆತಿಲ್ಲ. ಹೊಡೆತ ತಿಂದ ಕಾವ್ಯವು ಮನೆಮನೆಯಲ್ಲಿ ಉಳಿದಿದೆ. ಹುಡುಗಿಯ ಪ್ರಶ್ನೆಗೆ ಲೋಕವೇ ಉತ್ತರ ಕೊಟ್ಟಿತ್ತು, ನನಗೆ ಕೇಳಿಸಿರಲಿಲ್ಲ.

೪

ಹರಿಶ್ಚಂದ್ರ ಕಾವ್ಯವನ್ನು ಗುರುಶಿಷ್ಯರ ಕಾವ್ಯವೆಂದು ಓದಿದರೆ ಇನ್ನೊಂದು ಬೆಳಕು ಕಾಣುತ್ತದೆ. ಅದು ಆರಂಭವಾಗುವುದೇ ಇಬ್ಬರು ಗುರುಗಳ ವಾದದಿಂದ. ಇಂದ್ರನ ಸಭೆಯಲ್ಲಿ ಸತ್ಯವಂತನಾದ ಅರಸನಾರೆಂಬ ಪ್ರಶ್ನೆ ಹುಟ್ಟಿದಾಗ ವಸಿಷ್ಠನು ತನ್ನ ಶಿಷ್ಯನಾದ ಹರಿಶ್ಚಂದ್ರನ ಹೆಸರನ್ನು ಹೇಳುತ್ತಾನೆ, ವಿಶ್ವಾಮಿತ್ರನು ಅಲ್ಲಗಳೆಯುತ್ತಾನೆ. ವಸಿಷ್ಠನು ಶಿಷ್ಯನ ಸತ್ಯದ ಮೇಲೆ ತನ್ನ ಋಷಿತ್ವವನ್ನೇ ಪಣವಾಗಿಡುತ್ತಾನೆ. ಶಿಷ್ಯನು ತಪ್ಪಿದರೆ ತಾನು ವೇದಮಾರ್ಗವನ್ನು ಬಿಟ್ಟು ಭ್ರಷ್ಟನಾಗಿ ಅಲೆಯುವೆನೆನ್ನುತ್ತಾನೆ. ಶಿಷ್ಯನ ಸೋಲು ತನ್ನ ಸೋಲೆಂದು ಒಪ್ಪಿಕೊಳ್ಳುವ ಗುರು ಇವನು. ಫಲಿತಾಂಶ ಕೆಟ್ಟಾಗ ಮಕ್ಕಳನ್ನು ದೂಷಿಸಿ, ಒಳ್ಳೆಯದಾದಾಗ ತಾನು ಹಾರ ಹಾಕಿಸಿಕೊಳ್ಳುವ ಉಪಾಧ್ಯಾಯನಿಗೆ ವಸಿಷ್ಠನ ಈ ಪಣವು ಒಂದು ಕನ್ನಡಿ.

ಇನ್ನು ವಿಶ್ವಾಮಿತ್ರನ ಶಾಲೆಯನ್ನು ನೋಡಿರಿ. ಅಲ್ಲಿ ತಯಾರಾದ ಶಿಷ್ಯನು ನಕ್ಷತ್ರಿಕ. ಸಾಲದ ಹಣವನ್ನು ಕೇಳಿ ತರಲು ಗುರುವು ಕಳುಹಿಸಿದರೆ, ಕಾಡಿನ ಹಾದಿಯುದ್ದಕ್ಕೂ ಅರಸನನ್ನೂ ಅರಸಿಯನ್ನೂ ಎಳೆಯ ಮಗನನ್ನೂ ಇವನು ಗುರುವಿಗಿಂತ ಒಂದು ಕೈ ಮೇಲಾಗಿ ಪೀಡಿಸುತ್ತಾನೆ. ಇವನು ಅವಿಧೇಯನಲ್ಲ, ವಿಧೇಯತೆಯ ಪರಾಕಾಷ್ಠೆ. ಭಯದಿಂದ ಆಳುವ ಗುರುವಿನ ಬಳಿ ಕಲಿತವರು ಭಯವನ್ನೇ ಕಲಿಯುತ್ತಾರೆ, ಮತ್ತು ಅವಕಾಶ ದೊರೆತಾಗ ಅದನ್ನೇ ಕಲಿಸುತ್ತಾರೆ. ನಮ್ಮ ಶಾಲೆಗಳಲ್ಲಿ ಬೆತ್ತದಿಂದ ಕಲಿತವನು ಉಪಾಧ್ಯಾಯನಾದಾಗ ಮೊದಲು ಕೈಗೆತ್ತಿಕೊಳ್ಳುವುದು ಬೆತ್ತವನ್ನೇ ಎಂಬುದನ್ನು ನನ್ನ ಅನುಭವದಿಂದಲೇ ಬಲ್ಲೆ.

ಆದರೂ ರಾಘವಾಂಕನು ವಿಶ್ವಾಮಿತ್ರನನ್ನು ಕೊನೆಯವರೆಗೂ ಖಳನಾಗಿ ಉಳಿಸುವುದಿಲ್ಲ. ಶಿಷ್ಯನು ಗೆದ್ದಾಗ ಗುರು ಸೋತೆನೆಂದು ಒಪ್ಪುತ್ತಾನೆ. ಪಣವಾಗಿಟ್ಟ ತಪಃಫಲವನ್ನು ಕೊಡುತ್ತಾನೆ. ತಾನು ತಪ್ಪಿದೆನೆಂದು ಸಭೆಯ ನಡುವೆ ಹೇಳಬಲ್ಲ ಆ ಗಳಿಗೆಯಲ್ಲಿ ವಿಶ್ವಾಮಿತ್ರನು ಮುಂದಾಳಾಗುತ್ತಾನೆ. ಅದಕ್ಕೆ ಮೊದಲು ಅವನು ಬಲಶಾಲಿ ಮಾತ್ರ. ಹಾವುಗೆಯ ಕಥೆಯಲ್ಲಿ ಕಾಣದ ಈ ಒಪ್ಪಿಗೆಯನ್ನು, ಹಾವುಗೆಯ ಏಟು ತಿಂದಿತೆನ್ನುವ ಕಾವ್ಯವೇ ತನ್ನೊಳಗೆ ಇಟ್ಟುಕೊಂಡಿದೆ.

೫

ಈಗ ಎರಡನೆಯ ಸೋದರಳಿಯನ ಕಡೆಗೆ ಬರೋಣ. ಹರಿಹರನ ಕಾಲ ಕಳೆದು ಎರಡು ಶತಮಾನಗಳಾದ ಮೇಲೆ ಅದೇ ಹಂಪೆಯು ವಿಜಯನಗರವಾಗಿ ಬೆಳೆದಿತ್ತು. ಪ್ರೌಢದೇವರಾಯನ ಕಾಲದಲ್ಲಿ (ಕ್ರಿ.ಶ. ೧೪೨೪–೧೪೪೬) ವೀರಶೈವ ಸಾಹಿತ್ಯಕ್ಕೆ ಬಂದ ಪುನರುಜ್ಜೀವನವು ವಿದಿತವೇ ಇದೆ. ದಂಡನಾಯಕನಾದ ಲಕ್ಕಣ್ಣ ದಂಡೇಶನು ಶಿವತತ್ತ್ವಚಿಂತಾಮಣಿಯನ್ನು ಬರೆದನು; ಜಕ್ಕಣಾರ್ಯನು ನೂರೊಂದು ಸ್ಥಲಗಳ ಕ್ರಮದಲ್ಲಿ ವಚನಗಳನ್ನು ಜೋಡಿಸಿದನು; ಚಾಮರಸನು ಪ್ರಭುಲಿಂಗಲೀಲೆಯನ್ನು ಹಾಡಿದನು; ನೂರೊಂದು ಮಂದಿ ವಿರಕ್ತರ ಗೋಷ್ಠಿಯ ನೆನಪು ಪುರಾಣಗಳಲ್ಲಿ ಉಳಿಯಿತು. ಚದುರಿಹೋಗಿದ್ದ ವಚನದ ಓಲೆಗಳನ್ನು ಆಯ್ದು, ವಿಂಗಡಿಸಿ, ಅರ್ಥ ಹೇಳಿ ಮುಂದಿನ ತಲೆಮಾರಿಗೆ ದಾಟಿಸಿದ ಈ ಯುಗದಲ್ಲಿಯೇ ಶೂನ್ಯಸಂಪಾದನೆಯ ಪರಂಪರೆ ಆರಂಭವಾಯಿತು. ಶಿವಗಣಪ್ರಸಾದಿ ಮಹಾದೇವಯ್ಯನು ಮೊದಲು ವಚನಗಳನ್ನು ಸಂವಾದರೂಪಕ್ಕೆ ತಂದನು. ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗ, ಗೂಳೂರ ಸಿದ್ಧವೀರಣ್ಣೊಡೆಯರು ಒಬ್ಬರ ನಂತರ ಒಬ್ಬರು ಅದನ್ನು ಪುನಃ ಸಂಪಾದಿಸಿದರು.

ಶೂನ್ಯಸಂಪಾದನೆಯ ಒಂದು ಪ್ರಸಂಗವನ್ನು ನೋಡೋಣ. ಪ್ರಭುದೇವರು ಸಿದ್ಧರಾಮನನ್ನು ಕರೆದುಕೊಂಡು ಕಲ್ಯಾಣದಲ್ಲಿ ಬಸವಣ್ಣನ ಮಹಾಮನೆಯ ಬಾಗಿಲಿಗೆ ಬಂದು ನಿಂತಿದ್ದಾರೆ. ಬಸವಣ್ಣನು ಲಿಂಗಪೂಜೆಯಲ್ಲಿ ಮಗ್ನನಾಗಿದ್ದಾನೆ. ತಾನು ಎದ್ದು ಬರುವುದಿಲ್ಲ. ಹಡಪದ ಅಪ್ಪಣ್ಣನನ್ನು ಕರೆತರಲು ಕಳುಹಿಸುತ್ತಾನೆ. ಪ್ರಭು ಒಳಗೆ ಬರಲೊಪ್ಪುವುದಿಲ್ಲ. ಆಗ ಬಸವಣ್ಣನನ್ನು ಎಚ್ಚರಿಸುವವನು ಚೆನ್ನಬಸವಣ್ಣ, ಅವನ ಅಕ್ಕ ನಾಗಲಾಂಬಿಕೆಯ ಮಗ, ವಯಸ್ಸಿನಲ್ಲಿ ಕಿರಿಯ, ಅದೇ ಮನೆಯಲ್ಲಿ ಬೆಳೆದವನು. ಜಂಗಮವು ಬಾಗಿಲಲ್ಲಿ ನಿಂತಿರಲು ಒಳಗೆ ಸ್ಥಾವರದಂತೆ ಕುಳಿತು ಮಾಡುವ ಪೂಜೆ ಎಂಥದೆಂಬುದನ್ನು ಅಳಿಯನು ಮಾವನಿಗೆ ತಿಳಿಹೇಳುತ್ತಾನೆ. ಬಸವಣ್ಣನು ಸಿಟ್ಟಾಗುವುದಿಲ್ಲ, ಕಿರಿಯನ ಬಾಯಿಂದ ಬಂದಿತೆಂದು ಮಾತನ್ನು ತಳ್ಳುವುದಿಲ್ಲ. ಎದ್ದು ಬಾಗಿಲಿಗೆ ಬರುತ್ತಾನೆ, ತಪ್ಪನ್ನೊಪ್ಪಿ ಬೇಡಿಕೊಳ್ಳುತ್ತಾನೆ.

ಒಂದು ಕಥೆಯಲ್ಲಿ ಮಾವನು ಅಳಿಯನನ್ನು ಹೊಡೆದು ತಿದ್ದುತ್ತಾನೆ. ಇನ್ನೊಂದರಲ್ಲಿ ಅಳಿಯನು ಮಾವನಿಗೆ ಹೇಳಿ ತಿದ್ದುತ್ತಾನೆ. ಮೊದಲನೆಯದರಲ್ಲಿ ತಿದ್ದಿಸಿಕೊಂಡವನು ಶಿಷ್ಯ; ಎರಡನೆಯದರಲ್ಲಿ ತಿದ್ದಿಸಿಕೊಂಡವನು ಆ ಮಹಾಮನೆಯನ್ನೇ ಕಟ್ಟಿದವನು. ತಪ್ಪು ಎರಡೂ ಕಡೆ ಒಂದೇ ಬಗೆಯದಲ್ಲವೆ? ತನ್ನ ಕೆಲಸದಲ್ಲಿ ತಾನು ಮುಳುಗಿ, ಯಾರಿಗಾಗಿ ಆ ಕೆಲಸವೋ ಅವರನ್ನು ಮರೆಯುವುದು. ರಾಘವಾಂಕನು ಸಭೆಯ ಮನ್ನಣೆಯಲ್ಲಿ ಶಿವನನ್ನು ಮರೆತನೆಂಬ ಆರೋಪ. ಬಸವಣ್ಣನು ಪೂಜೆಯಲ್ಲಿ ಜಂಗಮವನ್ನು ಮರೆತನೆಂಬ ಆಕ್ಷೇಪ. ತಪ್ಪು ಒಂದೇ ಆಗಿದ್ದರೂ ತಿದ್ದುಪಡಿಯ ದಾರಿಗಳು ಬೇರೆ. ಬಾಗಿಲಿನ ಪ್ರಸಂಗದಲ್ಲಿ ಯಾರ ಹಲ್ಲೂ ಉದುರಲಿಲ್ಲ. ಯಾರ ಘನತೆಯೂ ಕುಂದಲಿಲ್ಲ. ಓದುಗನ ಕಣ್ಣಿಗೆ ಬಸವಣ್ಣನು ಮೊದಲಿಗಿಂತ ಎತ್ತರವಾಗಿಯೇ ಕಾಣುತ್ತಾನೆ.

ಇದು ಒಂದೇ ಪ್ರಸಂಗವಲ್ಲ. ಅಣ್ಣ ಅಜಗಣ್ಣನ ಅಗಲಿಕೆಯಿಂದ ದುಃಖಿತಳಾದ ಮುಕ್ತಾಯಕ್ಕನು ಪ್ರಭುದೇವರ ಉಪದೇಶವನ್ನು ಸುಮ್ಮನೆ ಸ್ವೀಕರಿಸುವುದಿಲ್ಲ. ಮರುಪ್ರಶ್ನೆ ಹಾಕುತ್ತಾಳೆ, ಪ್ರಭು ಅದಕ್ಕೆ ಉತ್ತರ ಕೊಡುತ್ತಾನೆ. ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ಮಾರಯ್ಯನನ್ನು ಅವನ ಸತಿ ಲಕ್ಕಮ್ಮ ತಡೆದು, ಬೇಕಾದಷ್ಟನ್ನೇ ಇಟ್ಟುಕೊಂಡು ಉಳಿದುದನ್ನು ಹಿಂದಕ್ಕೆ ಸುರಿದು ಬರಲು ಕಳುಹಿಸುತ್ತಾಳೆ. ಮೋಳಿಗೆಯ ಮಾರಯ್ಯನಿಗೆ ಐಕ್ಯದ ನಿಲುವನ್ನು ತಿಳಿಹೇಳುವವಳು ಅವನ ಪತ್ನಿ ಮಹಾದೇವಿ. ಅರಿವು ಯಾರಲ್ಲಿದೆಯೋ ಆ ಗಳಿಗೆಗೆ ಅವರೇ ಗುರು. ಶೂನ್ಯಪೀಠವು ಒಂದೇ, ಆದರೆ ಬೋಧೆಯು ಆ ಪೀಠದಿಂದಲೇ ಹೊರಡಬೇಕೆಂಬ ನಿಯಮವಿಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ಶೂನ್ಯಸಂಪಾದನೆಯ ಸಂವಾದಗಳು ಹನ್ನೆರಡನೆಯ ಶತಮಾನದಲ್ಲಿ ಅದೇ ಕ್ರಮದಲ್ಲಿ ನಡೆದುವೆಂದು ಹೇಳಲಾಗದು. ಅವು ಸಂಪಾದಕರ ಜೋಡಣೆ. ಹಾವುಗೆಯ ಕಥೆ ತಡವಾಗಿ ಬಂದುದೆಂದು ತೂಕ ಕಡಿಮೆ ಮಾಡುವವನು ಇದಕ್ಕೂ ಅದೇ ತಕ್ಕಡಿಯನ್ನು ಹಿಡಿಯಬೇಡವೆ? ಹಿಡಿಯಬೇಕು. ಆದುದರಿಂದ ನಾನು ಇವೆರಡನ್ನೂ ಇತಿಹಾಸವೆಂದು ಹೋಲಿಸುತ್ತಿಲ್ಲ; ಗುರುವನ್ನು ಕುರಿತು ನಮ್ಮ ಹಿರಿಯರು ಕಂಡ ಎರಡು ಕಾಣ್ಕೆಗಳೆಂದು ಹೋಲಿಸುತ್ತಿದ್ದೇನೆ. ಹಾಗೆ ನೋಡಿದಾಗ ಸಂಪಾದಕರ ಕೆಲಸಕ್ಕೇ ಹೊಸ ಅರ್ಥ ಬರುತ್ತದೆ. ನಾಲ್ವರು ಸಂಪಾದಕರೂ ಹಿಂದಿನವರ ಗ್ರಂಥವನ್ನು ಪ್ರತಿಮಾಡಿ ಕೈಮುಗಿಯಲಿಲ್ಲ. ಪ್ರಸಂಗಗಳನ್ನು ಸೇರಿಸಿದರು, ಕ್ರಮವನ್ನು ಬದಲಿಸಿದರು; ಸಿದ್ಧರಾಮನ ದೀಕ್ಷೆಯಂಥ ಮುಖ್ಯ ಪ್ರಸಂಗದಲ್ಲಿ ನಾಲ್ಕು ಕೃತಿಗಳೂ ಒಂದೇ ದಾರಿ ಹಿಡಿದಿಲ್ಲ. ಹಿಂದಿನವರನ್ನು ಗೌರವಿಸುತ್ತಲೇ ತಿದ್ದಿದರು. ಒಂದು ಗುರುಕುಲವು ತನ್ನ ಪಠ್ಯವನ್ನು ಮೂರು ಬಾರಿ ತಾನೇ ಪರಿಷ್ಕರಿಸಿದ ದಾಖಲೆ ಅದು.

೬

ಇದೆಲ್ಲ ಓಲೆಗರಿಯ ಮಾತಾಯಿತು. ಶಾಲೆಯನ್ನು ಸುಧಾರಿಸಲು ಇದು ಕೆಲಸಕ್ಕೆ ಬರುವುದೆ ಎಂದು ವಾಚಕರು ಕೇಳಬಹುದು. ಬಂದಿದೆ. ೧೯೧೬ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯು ಹುಟ್ಟಿತು. ಅದನ್ನು ಕಟ್ಟಿದವರನ್ನು ಜನರು ಸಪ್ತರ್ಷಿಗಳೆಂದು ಕರೆದರು. ಅವರಲ್ಲಿ ಬಹುಮಂದಿ ಶಿಕ್ಷಕವೃತ್ತಿಯವರು. ಅರಟಾಳ ರುದ್ರಗೌಡರಂಥ ಹಿರಿಯರ ಆಶ್ರಯ ಅವರಿಗಿತ್ತು. ಶಿರಸಂಗಿ ಲಿಂಗರಾಜ ದೇಸಾಯಿಯವರ ದಾನದ ಮಾದರಿ ಅವರ ಮುಂದಿತ್ತು. ಆದರೆ ಪ್ರತಿದಿನ ತರಗತಿಗೆ ಹೋಗಿ ಸೀಮೆಸುಣ್ಣ ಹಿಡಿದವರು ಆ ಶಿಕ್ಷಕರು. ಅವರಿಗೆ ಋಷಿಗಳ ಹೆಸರು ಸುಮ್ಮನೆ ಬರಲಿಲ್ಲ. ಮುಂದಾಳ್ತನವನ್ನು ಒಬ್ಬನ ಕೈಗೆ ಕೊಡದೆ ಏಳು ಮಂದಿ ಹಂಚಿಕೊಂಡರು ಎಂಬುದನ್ನು ಆ ಹೆಸರೇ ಹೇಳುತ್ತದೆ.

ಅವರಲ್ಲಿ ಇಬ್ಬರು ವಚನವಾಙ್ಮಯದ ಓದುಗರಿಗೆ ಚಿರಪರಿಚಿತರು. ಶಿ. ಶಿ. ಬಸವನಾಳರು ಬಸವಣ್ಣನವರ ಷಟ್‌ಸ್ಥಲದ ವಚನಗಳನ್ನು ಶಾಸ್ತ್ರೀಯವಾಗಿ ಸಂಪಾದಿಸಿದವರು, ೧೯೪೦ರಲ್ಲಿ ಕೆ. ಆರ್. ಶ್ರೀನಿವಾಸ ಅಯ್ಯಂಗಾರರ ಜೊತೆಗೂಡಿ ಬಸವಣ್ಣನ ವಚನಗಳನ್ನು ಇಂಗ್ಲಿಷಿಗೆ ತಂದವರು. ೧೯೪೪ರಲ್ಲಿ ರಬಕವಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದವರು. ಎಂ. ಆರ್. ಸಾಖರೆಯವರು ಲಿಂಗಾಯತ ಧರ್ಮದ ಇತಿಹಾಸ ಮತ್ತು ತತ್ತ್ವವನ್ನು ಕುರಿತು ಇಂಗ್ಲಿಷಿನಲ್ಲಿ ಮಹಾಗ್ರಂಥವನ್ನು ರಚಿಸಿದವರು. ಹಗಲು ಶಾಲೆ, ರಾತ್ರಿ ಓಲೆಗರಿ. ವಚನಗಳ ಗೋಷ್ಠಿಯನ್ನು ಓದಿದವರು ಶಾಲೆಯನ್ನೂ ಗೋಷ್ಠಿಯಾಗಿಯೇ ಕಟ್ಟಿದರೆಂಬುದನ್ನು ಕಾಕತಾಳೀಯವೆಂದು ನಾನು ಭಾವಿಸಲಾರೆ. ಅದೇ ೧೯೧೬ರಲ್ಲಿ ನಮ್ಮ ಬಳ್ಳಾರಿಯಲ್ಲಿ ವೀರಶೈವ ವಿದ್ಯಾವರ್ಧಕ ಸಂಘವು ಹುಟ್ಟಿತು. ೧೯೨೬ರಲ್ಲಿ ಬಳ್ಳಾರಿಯಲ್ಲಿಯೇ ನಡೆದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿ ಬಂದವರು ವಚನಪಿತಾಮಹ ಫ. ಗು. ಹಳಕಟ್ಟಿಯವರು. ವಿದ್ಯಾಪ್ರಸಾರವೂ ವಚನಪ್ರಸಾರವೂ ಕೈಹಿಡಿದು ನಡೆದ ಕಾಲವದು.

ಇದಕ್ಕೆ ಮಠದ ಪರಂಪರೆಯೇ ಬೇಕೆಂದಿಲ್ಲ ಎಂಬುದಕ್ಕೆ ಈಚಿನ ನಿದರ್ಶನವೂ ಇದೆ. ೧೯೯೫ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಸರಕಾರಿ ಪ್ರಾಥಮಿಕ ಶಾಲೆಗಳಲ್ಲಿ ‘ನಲಿ ಕಲಿ’ ಆರಂಭವಾಯಿತು. ಆಂಧ್ರಪ್ರದೇಶದ ಮದನಪಲ್ಲಿಯ ಬಳಿಯ ರಿಷಿ ವ್ಯಾಲಿಯವರು ತಮ್ಮ ಗ್ರಾಮಶಾಲೆಗಳಲ್ಲಿ ನಡೆಸುತ್ತಿದ್ದ ಪದ್ಧತಿಯನ್ನು ನಮ್ಮ ಶಿಕ್ಷಕರು ಹೋಗಿ ನೋಡಿದರು. ಬಂದು ತಾವೇ ಕಲಿಕೆಯ ಕಾರ್ಡುಗಳನ್ನು ರಚಿಸಿದರು. ಮಗುವು ತನ್ನ ವೇಗದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರುವಂತೆ ತರಗತಿಯನ್ನು ಮಾರ್ಪಡಿಸಿದರು. ಉಪಾಧ್ಯಾಯನು ಕುರ್ಚಿಯಿಂದಿಳಿದು ಮಕ್ಕಳ ಗುಂಪಿನಲ್ಲಿ ನೆಲದ ಮೇಲೆ ಕುಳಿತನು. ಮುಂದೆ ೨೦೦೯–೧೦ರಲ್ಲಿ ಅದು ರಾಜ್ಯದ ಸರಕಾರಿ ಶಾಲೆಗಳಿಗೆಲ್ಲ ಆಜ್ಞೆಯಾಗಿ ಬಂದಿತು. ಬಂದುದು ಒಳ್ಳೆಯದೇ. ಆದರೆ ಕೋಟೆಯ ಶಿಕ್ಷಕರು ತಾವೇ ಮಾಡಿದ ಕಾರ್ಡಿಗೂ, ಇನ್ನೊಂದೂರಿನ ಶಿಕ್ಷಕನಿಗೆ ಪೆಟ್ಟಿಗೆಯಲ್ಲಿ ಬಂದು ಸೇರಿದ ಕಾರ್ಡಿಗೂ ಅಕ್ಷರ ಒಂದೇ ಆದರೂ ಜೀವ ಒಂದೇ ಅಲ್ಲ. ಮೊದಲನೆಯವನು ಅದನ್ನು ತಿದ್ದಬಲ್ಲ, ಎರಡನೆಯವನು ಪಾಲಿಸಬಲ್ಲ. ಪಾಲಿಸುವವರಿಂದ ಶಾಲೆ ನಡೆಯುತ್ತದೆ, ತಿದ್ದಬಲ್ಲವರಿಂದ ಸುಧಾರಿಸುತ್ತದೆ.

ಅಕ್ಕಪಕ್ಕದ ಶಾಲೆಗಳ ಉಪಾಧ್ಯಾಯರು ಕೂಡಿ ಕೆಲಸ ಮಾಡಬೇಕೆಂಬ ಶಾಲಾಸಂಕುಲದ ಸಲಹೆಯನ್ನು ೧೯೬೪–೬೬ರ ಕೊಠಾರಿ ಆಯೋಗವು ಕೊಟ್ಟಿತ್ತು. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯು ಅದನ್ನು ಮತ್ತೆ ಎತ್ತಿಹೇಳಿತು. ಕಟ್ಟಡಗಳನ್ನು ಸಂಕುಲವಾಗಿ ಸೇರಿಸುವುದು ಆಜ್ಞೆಯಿಂದ ಸಾಧ್ಯ. ಮನಸ್ಸುಗಳು ಸಂಕುಲವಾಗಲು ಬಾಗಿಲಿಗೆ ಬಂದು ತಪ್ಪೊಪ್ಪುವ ಬಸವಣ್ಣನೂ ಬೇಕು, ಎಚ್ಚರ ಹೇಳುವ ಚೆನ್ನಬಸವಣ್ಣನೂ ಬೇಕು.

೭

ಇಷ್ಟೆಲ್ಲ ವಿವೇಚಿಸಿದ ಮೇಲೆ ಹೇಳಬೇಕಾದುದು ಸ್ವಲ್ಪ. ಶಾಲೆಯ ಮುಖ್ಯೋಪಾಧ್ಯಾಯನು ವಾರಕ್ಕೊಮ್ಮೆ ಸಹೋದ್ಯೋಗಿಗಳೊಡನೆ ಕುಳಿತು, ‘ಈ ವಾರ ನನ್ನ ಪಾಠದಲ್ಲಿ ಇಂಥದು ಕೆಟ್ಟಿತು’ ಎಂದು ತನ್ನಿಂದಲೇ ಮೊದಲುಮಾಡಲಿ. ಹೊಸದಾಗಿ ಸೇರಿದ ಕಿರಿಯ ಶಿಕ್ಷಕಿಗೆ ಕೊನೆಯ ಕುರ್ಚಿಯನ್ನಲ್ಲ, ಮೊದಲ ಮಾತನ್ನು ಕೊಡಲಿ. ಒಬ್ಬರ ತರಗತಿಗೆ ಒಬ್ಬರು ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಲಿ. ಇದಕ್ಕೆ ಇಲಾಖೆಯ ಸುತ್ತೋಲೆ ಬೇಕಿಲ್ಲ, ಹಣವೂ ಬೇಕಿಲ್ಲ. ಬೇಕಾಗಿರುವುದು ಬಾಗಿಲವರೆಗೆ ಎದ್ದು ಬರುವ ಮನಸ್ಸು.

ನಮ್ಮ ಮಠಗಳು ನಡೆಸುವ ಶಾಲೆಗಳಿಗೂ ಒಂದು ವಿನಂತಿ. ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆಯ ೧೭ನೆಯ ಕಲಮು ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಬೆತ್ತವು ಕೈಯಿಂದ ಇಳಿದಿದೆ. ಆದರೆ ಬೆತ್ತವನ್ನು ಸಮರ್ಥಿಸುತ್ತಿದ್ದ ಕಥೆಯು ನಾಲಗೆಯಿಂದ ಇಳಿದಿಲ್ಲ. ಗುರುಪೂರ್ಣಿಮೆಯಲ್ಲಿ, ಶಿಕ್ಷಕರ ದಿನಾಚರಣೆಯಲ್ಲಿ ಹಾವುಗೆಯ ಕಥೆಯನ್ನು ಹೇಳಬಾರದೆಂದು ನಾನು ಹೇಳುತ್ತಿಲ್ಲ. ಅದು ನಮ್ಮ ಪರಂಪರೆಯ ಸ್ವತ್ತು. ಆದರೆ ಅದನ್ನು ಹೇಳಿದ ಬಾಯಿಂದಲೇ ಮಹಾಮನೆಯ ಬಾಗಿಲಿನ ಕಥೆಯನ್ನೂ ಹೇಳಬೇಕು. ಇಬ್ಬರು ಸೋದರಳಿಯರೂ ಮಕ್ಕಳ ಕಣ್ಣ ಮುಂದೆ ಜೊತೆಯಾಗಿ ನಿಲ್ಲಲಿ. ಯಾರ ಮಾವನಂಥ ಗುರು ತಮಗೆ ಬೇಕೆಂಬುದನ್ನು ಮಕ್ಕಳೇ ವಿಚಾರಿಸಿಕೊಳ್ಳುವರು.

ಹಂಪೆಯ ಮಂಟಪದ ನೆರಳಿನಲ್ಲಿ ಪ್ರಶ್ನೆ ಕೇಳಿದ ಆ ಹುಡುಗಿ ಈಗ ಎಲ್ಲಿರುವಳೋ ಅರಿಯೆ. ಎಲ್ಲಿದ್ದರೂ ಅವಳಿಗೆ ಹೇಳಬೇಕಾದುದು ಇಷ್ಟೆ: ತಾಯಿ, ಆ ಕಾವ್ಯ ಕೆಟ್ಟದ್ದಲ್ಲ. ನಿನ್ನ ಪ್ರಶ್ನೆಯೂ ಕೆಟ್ಟದ್ದಲ್ಲ. ಅಂದು ಆ ಮಂಟಪದಲ್ಲಿ ಎಚ್ಚರ ಹೇಳಿದವಳು ನೀನು. ಏಳದೆ ಕುಳಿತವನು ನಾನು. ತಡವಾಗಿಯಾದರೂ ಬಾಗಿಲಿಗೆ ಬಂದಿದ್ದೇನೆ.

ಶರಣಾರ್ಥಿ.